ಬಿಗಿಯಾಗಿ ಬೆಳೆಸುವ ಮನೆಯಲ್ಲಿ ಮಗುವಿಗೆ ಸ್ವಾತಂತ್ರ್ಯ ಕೊಡುವುದು ಹೇಗೆ? ಹಂತ ಹಂತವಾಗಿ ಒಂದು ಸಮಗ್ರ ಮಾರ್ಗದರ್ಶಿ

ನಾಲ್ಕರಿಂದ ಹನ್ನೆರಡು ವರ್ಷದ ಮಕ್ಕಳಿರುವ, ಅವರ ವಿಷಯದಲ್ಲಿ ಸ್ವಲ್ಪ ಜಾಸ್ತಿಯೇ ಸ್ಟ್ರಿಕ್ಟ್ ಆಗಿರುವ ಅಪ್ಪ ಅಮ್ಮಂದಿರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಮೈಸೂರಿನಲ್ಲಿ ಮನೆಯಲ್ಲೇ ಮಕ್ಕಳಿಗೆ ಡ್ರಾಯಿಂಗ್ ಹೇಳಿಕೊಡುತ್ತೇನೆ. ಖಾಲಿ ಹಾಳೆ ಕೊಟ್ಟ ತಕ್ಷಣ ಕೆಲವು ಮಕ್ಕಳು ಕೇಳುವುದು ಒಂದೇ ಮಾತು. "ಮಿಸ್, ಏನು ಬರೀಲಿ?" ಏನು ಬೇಕಾದ್ರೂ ಬರಿ ಅಂದರೆ ಮುಖ ಸಪ್ಪಗಾಗುತ್ತದೆ. ಮರ ಬರೀಲಾ? ಎಷ್ಟು ದೊಡ್ಡದು? ಎಲೆಗೆ ಹಸಿರೇ ಅಲ್ವಾ? ಪಕ್ಕದವರ ಹಾಳೆ ನೋಡುತ್ತಾರೆ, ಒಂದು ಗೆರೆ ಎಳೆಯುತ್ತಾರೆ, ಆಮೇಲೆ ಹಾಳೆ ತೂತಾಗುವ ತನಕ ರಬ್ಬರಿನಲ್ಲಿ ಉಜ್ಜುತ್ತಾರೆ. ಇವರು ದಡ್ಡ ಮಕ್ಕಳಲ್ಲ, ಕ್ಲಾಸಿನಲ್ಲಿ ಮುಂದಿರುವವರೇ ಎಷ್ಟೋ ಜನ. ಬೆಳಗ್ಗೆ ಎದ್ದಾಗಿನಿಂದ ಮಲಗುವ ತನಕ ಮುಂದಿನ ಕೆಲಸ ಏನು ಅಂತ ಯಾರೋ ಒಬ್ಬರು ಹೇಳುತ್ತಲೇ ಇದ್ದರೆ, ತಾನಾಗಿ ಏನಾದರೂ ಶುರು ಮಾಡುವ ಅಭ್ಯಾಸ ಮಗುವಿಗೆ ಎಲ್ಲಿಂದ ಬರಬೇಕು?

ಶಿಸ್ತೇ ಬೇಡ ಅಂತ ನಾನು ಹೇಳುತ್ತಿಲ್ಲ. ಬೇಲಿ ಗದ್ದೆಯ ಸುತ್ತ ಇರಬೇಕು, ಪೈರಿನ ಮೇಲಲ್ಲ. ನಿಯಮ ಕಡಿಮೆ ಇರಲಿ, ಇರುವಷ್ಟು ಗಟ್ಟಿಯಾಗಿರಲಿ. ಅದರೊಳಗೆ ಮಗು ಏನು ಮಾಡುತ್ತದೆ ಅನ್ನುವುದು ಮಗುವಿಗೇ ಬಿಟ್ಟದ್ದು.

ಹಂತ 1: ಒಂದು ವಾರ ನಿಮ್ಮ ಮಾತನ್ನೇ ಗಮನಿಸಿ

ಈ ವಾರ ಏನನ್ನೂ ಬದಲಾಯಿಸಬೇಡಿ. ಮಗುವಿಗೆ ದಿನಕ್ಕೆ ಎಷ್ಟು ಸಲ "ಬೇಡ", "ಮುಟ್ಬೇಡ", "ಬೇಗ ಬೇಗ", "ಹಾಗಲ್ಲ ಹೀಗೆ" ಅನ್ನುತ್ತೀರಿ ಅಂತ ಒಂದು ಚೀಟಿಯಲ್ಲಿ ಗೆರೆ ಹಾಕಿ. ಅಡುಗೆಮನೆ ಗೋಡೆಯಲ್ಲಿ ಒಂದು ಕ್ಯಾಲೆಂಡರ್ ಇರುತ್ತದಲ್ಲ, ಅದರ ಹಿಂದೆಯೇ ಬರೆದರೂ ಸಾಕು. ಅಪ್ಪನದು ಬೇರೆ, ಅಮ್ಮನದು ಬೇರೆ, ಅಜ್ಜಿ ತಾತ ಜೊತೆಗಿದ್ದರೆ ಅವರದೂ ಬೇರೆ. ಒಬ್ಬರು ಅಪರೂಪಕ್ಕೆ ಹೇಳಿದರೂ ನಾಲ್ಕು ಜನರದ್ದು ಸೇರಿ ಮಗುವಿನ ಕಿವಿಗೆ ಬೀಳುವುದು ಎಷ್ಟು ಅಂತ ಆಗ ಗೊತ್ತಾಗುತ್ತದೆ.

ಇನ್ನೊಂದು ಗಮನಿಸಿ. ಮಗು ತಾನಾಗಿ ಏನಾದರೂ ಶುರು ಮಾಡಿದಾಗ, ಅದು ಮುಗಿಯುವ ಮುಂಚೆ ಎಷ್ಟು ಸಲ ಕರೆಯುತ್ತೀರಿ? ಮಗು ಇರುವೆ ಸಾಲು ನೋಡುತ್ತಾ ಕೂತಿರುತ್ತದೆ, ನಾವು "ಬಾ, ಹಾಲು ಕುಡಿ" ಅನ್ನುತ್ತೇವೆ. ಹಾಲು ಹತ್ತು ನಿಮಿಷ ಕಾಯುತ್ತದೆ, ಇರುವೆ ಕಾಯುವುದಿಲ್ಲ.

ಹಂತ 2: ನಿಯಮಗಳನ್ನು ಮೂರು ಪಾಲು ಮಾಡಿ

ನೋವು, ಪೆಟ್ಟು, ಪ್ರಾಣಕ್ಕೆ ಸಂಬಂಧಿಸಿದ್ದೆಲ್ಲ ಒಂದು ಪಾಲು: ರಸ್ತೆ, ನೀರು, ಬೆಂಕಿ, ಕರೆಂಟು, ಗೊತ್ತಿಲ್ಲದವರ ಜೊತೆ ಹೋಗುವುದು. ಬೇರೆಯವರಿಗೆ ತೊಂದರೆ ಆಗುವಂಥದ್ದು ಇನ್ನೊಂದು: ಹೊಡೆಯುವುದು, ಪ್ರಾಣಿಗೆ ಕಲ್ಲು ಎಸೆಯುವುದು, ಕೇಳದೆ ಇನ್ನೊಬ್ಬರ ವಸ್ತು ತೆಗೆಯುವುದು. ಮಿಕ್ಕಿದ್ದೆಲ್ಲ ಮೂರನೆಯ ಪಾಲಿಗೆ. ಮಣ್ಣಲ್ಲಿ ಆಡ್ಬೇಡ, ಆ ಅಂಗಿಗೆ ಈ ಚಡ್ಡಿ ಮ್ಯಾಚ್ ಆಗಲ್ಲ, ಜೋರಾಗಿ ನಗ್ಬೇಡ, ಎಡಗೈಲಿ ಬರೀಬೇಡ, ಆನೆಗೆ ಹಳದಿ ಬಣ್ಣ ಹಾಕ್ತಾರಾ?

ಮೊದಲ ಎರಡು ಪಾಲು ಹಾಗೇ ಇರಲಿ, ಅಲ್ಲಿ ಗೋಗರೆದರೂ ಕರಗಬೇಡಿ. ಕಾರಣ ಮಾತ್ರ ಹೇಳಿ, ಒಂದೇ ವಾಕ್ಯದಲ್ಲಿ. ಮೂರನೆಯ ಪಾಲನ್ನು ನಿಧಾನಕ್ಕೆ ಕೈಬಿಡುತ್ತಾ ಬನ್ನಿ, ವಾರಕ್ಕೆ ಒಂದೊಂದಾದರೂ ಸಾಕು. ಆ ಪಾಲಿನಲ್ಲಿ ಇರುವುದರಲ್ಲಿ ಬಹುಪಾಲು ನಮ್ಮ ಅನುಕೂಲ, ಇಲ್ಲವೇ "ನಾಲ್ಕು ಜನ ಏನಂತಾರೆ" ಅನ್ನುವ ಅಂಜಿಕೆ. ಹೆಣ್ಣುಮಕ್ಕಳ ಮನೆಯಲ್ಲಿ ಈ ಪಟ್ಟಿ ಯಾವಾಗಲೂ ಉದ್ದ. ಅಣ್ಣ ಏಳು ಗಂಟೆವರೆಗೂ ಬೀದಿಯಲ್ಲಿ ಕ್ರಿಕೆಟ್ ಆಡುತ್ತಾನೆ, ತಂಗಿಯನ್ನು ಆರಕ್ಕೇ ಒಳಗೆ ಕರೆಯುತ್ತೇವೆ. ಇಬ್ಬರು ಮಕ್ಕಳಿದ್ದರೆ ಪಟ್ಟಿ ಎರಡು ಮಾಡಿ ಪಕ್ಕ ಪಕ್ಕ ಇಟ್ಟು ನೋಡಿ.

ಬಿಗಿ ಇದ್ದರೇ ಮಕ್ಕಳು ಉದ್ಧಾರ ಅನ್ನುವವರಿಗೆ ಒಂದು ವಿಷಯ. ಅಮೆರಿಕದ ಮನಶ್ಶಾಸ್ತ್ರಜ್ಞೆ ಡಯಾನಾ ಬೌಮ್ರಿಂಡ್ 1960ರ ದಶಕದಲ್ಲಿ ಚಿಕ್ಕ ಮಕ್ಕಳನ್ನೂ ಅವರ ತಂದೆ ತಾಯಂದಿರನ್ನೂ ಗಮನಿಸಿ ಅಧ್ಯಯನ ಮಾಡಿದರು. ಒಂದು ಬಗೆಯವರು ಹೇಳಿದ್ದನ್ನು ಕೇಳು, ಎದುರು ಮಾತಾಡಬೇಡ ಅನ್ನುವವರು. ಇನ್ನೊಂದು ಬಗೆಯವರು ಏನು ಮಾಡಿದರೂ ಸರಿ ಅಂತ ಬಿಟ್ಟವರು. ಮತ್ತೊಂದು ಬಗೆಯವರು ನಿಯಮವನ್ನು ಗಟ್ಟಿಯಾಗಿ ಹಿಡಿಯುತ್ತಾರೆ, ಜೊತೆಗೆ ಕಾರಣ ಹೇಳುತ್ತಾರೆ, ಮಗುವಿನ ಮಾತನ್ನೂ ಕೇಳುತ್ತಾರೆ. ಬೌಮ್ರಿಂಡ್ ನೋಡಿದ ಮಕ್ಕಳಲ್ಲಿ ತಮ್ಮ ಕಾಲ ಮೇಲೆ ನಿಂತವರು, ತಮ್ಮನ್ನು ತಾವು ಹಿಡಿತದಲ್ಲಿ ಇಟ್ಟುಕೊಂಡವರು ಹೆಚ್ಚಾಗಿ ಈ ಕೊನೆಯ ಬಗೆಯವರ ಮಕ್ಕಳು. ನಾನು ಹೇಳುತ್ತಿರುವ ದಾರಿಯೂ ಅದೇ.

ಹಂತ 3: ದಿನಕ್ಕೆ ಒಂದು ಗಂಟೆ ಖಾಲಿ ಮಾಡಿ

ನಮ್ಮ ಕಡೆ ಮಗು ನಾಲ್ಕೂವರೆಗೆ ಸ್ಕೂಲ್ ವ್ಯಾನಿಂದ ಇಳಿಯುತ್ತದೆ, ಐದಕ್ಕೆ ಅಬಾಕಸ್ಸೋ ಕರಾಟೆಯೋ, ಆರಕ್ಕೆ ಟ್ಯೂಷನ್, ಏಳಕ್ಕೆ ಹೋಂವರ್ಕ್, ಒಂಬತ್ತಕ್ಕೆ ಊಟ. ಇದರಲ್ಲಿ ಮಗುವಿನ ಸ್ವಂತದ್ದು ಅಂತ ಇರುವುದು ವ್ಯಾನಿನ ಕಿಟಕಿ ಒಂದೇ.

ಒಂದು ಕ್ಲಾಸ್ ಬಿಡಿಸಿ. ಯಾವುದು ಅಂತ ಕಂಡುಹಿಡಿಯುವುದು ಕಷ್ಟವಲ್ಲ, ಮಗು ಯಾವ ಕ್ಲಾಸಿನ ಬಗ್ಗೆ ಮನೆಯಲ್ಲಿ ಒಂದು ಮಾತೂ ಆಡುವುದಿಲ್ಲವೋ ಅದು. ಅದು ನನ್ನಂಥವರ ಡ್ರಾಯಿಂಗ್ ಕ್ಲಾಸೇ ಆಗಿದ್ದರೂ ಬಿಡಿಸಿ. ಫೀಸ್ ಕಟ್ಟಿಬಿಟ್ಟಿದ್ದೀವಲ್ಲ ಅಂದರೆ ಆ ತಿಂಗಳು ಮುಗಿಸಿ ನಿಲ್ಲಿಸಿ. ದಿನಕ್ಕೆ ಒಂದು ಗಂಟೆ ಆಗದೇ ಇದ್ದರೆ ಅರ್ಧ ಗಂಟೆ, ಭಾನುವಾರ ಒಂದಿಡೀ ಬೆಳಗ್ಗೆ. ಈ ಹೊತ್ತಿನಲ್ಲಿ ಕ್ಲಾಸಿಲ್ಲ, ಟಿವಿ ಇಲ್ಲ, ಮೊಬೈಲಿಲ್ಲ, ದೊಡ್ಡವರು ಹೇಳಿದ ಕೆಲಸವೂ ಇಲ್ಲ.

ಇದನ್ನು ನಾವು ಮಕ್ಕಳಿಗೆ ಕೊಡುವ ಬಹುಮಾನ ಅಂದುಕೊಳ್ಳಬೇಡಿ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ವಿಶ್ರಾಂತಿ, ಬಿಡುವು, ಆಟ ಮಗುವಿನ ಹಕ್ಕು ಅನ್ನುತ್ತದೆ. ಭಾರತ 1992ರಲ್ಲೇ ಇದನ್ನು ಒಪ್ಪಿಕೊಂಡಿದೆ. ಹಾಗಾಗಿ "ಮಾರ್ಕ್ಸ್ ಬಂದ್ರೆ ಆಟ" ಅಂತ ಷರತ್ತು ಹಾಕಬೇಡಿ. ಮಾರ್ಕ್ಸ್ ಕಡಿಮೆ ಬಂದ ದಿನ ಅದನ್ನು ಕಿತ್ತುಕೊಳ್ಳಲೂಬೇಡಿ.

ಮೊದಲ ಕೆಲವು ದಿನ ಕಷ್ಟ. ಮಗು ಸುತ್ತಿ ಸುತ್ತಿ ಅಡುಗೆಮನೆಗೇ ಬರುತ್ತದೆ.

"ಅಮ್ಮ, ಬೋರಾಗ್ತಿದೆ."

"ಹೌದಾ ಪುಟ್ಟ?"

"ಏನ್ ಮಾಡ್ಲಿ?"

"ನಿಂಗೇನು ಅನ್ಸುತ್ತೋ ಅದು."

"ಮೊಬೈಲ್ ಕೊಡು ಹಂಗಾದ್ರೆ."

"ಈಗ ಮೊಬೈಲ್ ಇಲ್ಲ ಕಂದ."

ಅಷ್ಟೇ. ಇಲ್ಲಿ ನಿಲ್ಲಿಸಿಬಿಡಿ. ಐಡಿಯಾ ಕೊಡಬೇಡಿ, ಬೈಯಬೇಡಿ, ಪಾಪ ಅಂತ ಜೊತೆಗೆ ಆಡಲೂ ಕೂರಬೇಡಿ. ನೆಲದ ಮೇಲೆ ಬಿದ್ದು ಫ್ಯಾನ್ ನೋಡುತ್ತಾ ಮಲಗಿದರೆ ಮಲಗಲಿ. ನೀವು ಬಾಯಿ ಹಾಕದೇ ಇದ್ದರೆ ಆ ಬೇಜಾರಿನಿಂದಲೇ ಏನೋ ಒಂದು ಹುಟ್ಟುತ್ತದೆ, ಇವತ್ತಲ್ಲದಿದ್ದರೆ ಮುಂದಿನ ವಾರ.

ಹಂತ 4: ಒಂದು ಮೂಲೆ, ಒಂದು ರಟ್ಟಿನ ಡಬ್ಬ

ದುಡ್ಡು ಕೊಟ್ಟು ಏನನ್ನೂ ತರಬೇಡಿ. ಬಟನ್ ಒತ್ತಿದರೆ ಹಾಡುವ ಆಟದ ಸಾಮಾನಿನಲ್ಲಿ ಆಡುವುದೆಲ್ಲ ಅದೇ, ಮಗು ನೋಡುತ್ತಾ ಕೂರುತ್ತದೆ. ಒಂದು ದೊಡ್ಡ ರಟ್ಟಿನ ಡಬ್ಬ ತಗೊಂಡು ಅದಕ್ಕೆ ತೆಂಗಿನ ಚಿಪ್ಪು, ಬಟ್ಟೆ ಕ್ಲಿಪ್ಪು, ಹಳೇ ಪಂಚೆ, ಒಂದೆರಡು ಹಳೇ ಸೀರೆ, ಬಾಟಲಿ ಮುಚ್ಚಳ, ಖಾಲಿ ಬೆಂಕಿಪೊಟ್ಟಣ, ಹುಣಸೆ ಬೀಜ, ಮದುವೆ ಕಾರ್ಡು, ಹಳೇ ಕ್ಯಾಲೆಂಡರ್ ಎಲ್ಲ ತುಂಬಿ. ಮಂಡ್ಯ ಕಡೆ ಹಳ್ಳಿಯಲ್ಲಿದ್ದರೆ ಇನ್ನೂ ಸುಲಭ. ಕೆರೆಯ ಜೇಡಿಮಣ್ಣು, ಒಣಗಿದ ಕಬ್ಬಿನ ತುಂಡು, ತೆಂಗಿನ ಗರಿ, ಕೇಳಿದಷ್ಟು ಸಿಗುತ್ತದೆ. ಮನೆಯಲ್ಲಿ ಮೂರು ವರ್ಷಕ್ಕಿಂತ ಚಿಕ್ಕ ಮಗು ಇದ್ದರೆ ಬೀಜ, ಮುಚ್ಚಳದಂಥ ಚಿಕ್ಕ ವಸ್ತು ಅದರ ಕೈಗೆ ಸಿಗದಂತೆ ನೋಡಿಕೊಳ್ಳಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಪ್ಲಾಸ್ಟಿಕ್ ಕವರ್ ಡಬ್ಬಕ್ಕೆ ಹಾಕಲೇಬೇಡಿ.

ಇನ್ನು ಮೂಲೆ. ಬಾಡಿಗೆ ಮನೆಯಾದರೂ ಹಾಲಿನಲ್ಲೋ ಬಾಲ್ಕನಿಯಲ್ಲೋ ಮಂಚದ ಕೆಳಗೋ ಒಂದು ಚಾಪೆಯಷ್ಟು ಜಾಗ ಸಿಗುತ್ತದೆ. ಅಲ್ಲಿ ಒಂದೇ ಒಂದು ನಿಯಮ, ಅದೂ ನಿಮಗೆ: ಮಗು ಕಟ್ಟಿದ್ದನ್ನು ರಾತ್ರಿ ಗುಡಿಸಿ ಹಾಕುವಂತಿಲ್ಲ. ಇವತ್ತು ಅರ್ಧ ಕಟ್ಟಿದ ಕೋಟೆ ನಾಳೆ ಬೆಳಗ್ಗೆ ಹಾಗೇ ಇದ್ದರೆ ಮಗು ಅಲ್ಲಿಂದಲೇ ಮುಂದುವರಿಸುತ್ತದೆ. ದಿನಾ ಸಂಜೆ ಎಲ್ಲ ತೆಗೆದಿಡಬೇಕು ಅಂದರೆ ಹತ್ತು ನಿಮಿಷಕ್ಕೆ ಮುಗಿಯುವ ಆಟವನ್ನೇ ಅದು ಆರಿಸಿಕೊಳ್ಳುವುದು. ಶನಿವಾರ ಒಂದು ದಿನ ಜೊತೆಗೆ ಕೂತು ಕ್ಲೀನ್ ಮಾಡಿ, ಏನು ಉಳಿಯಬೇಕು ಏನು ಹೋಗಬೇಕು ಅಂತ ಮಗುವೇ ಹೇಳಲಿ.

ನಮ್ಮ ಪಕ್ಕದ ಮನೆ ಹುಡುಗ ಊಟದ ಕುರ್ಚಿಗಳನ್ನು ಸಾಲಾಗಿ ಇಟ್ಟು ಶ್ರೀರಂಗಪಟ್ಟಣದ ಬಸ್ಸು ಮಾಡುತ್ತಾನೆ. ಹಳೇ ಕ್ಯಾಲೆಂಡರಿನ ತಾರೀಖುಗಳನ್ನು ಹರಿದು ಟಿಕೆಟ್. ಅಜ್ಜಿ ಹತ್ತಿದರೆ "ಆಧಾರ್ ತೋರ್ಸಿ" ಅನ್ನುತ್ತಾನೆ, ಯಾಕೆಂದರೆ ಹೆಂಗಸರಿಗೆ ಟಿಕೆಟ್ ಫ್ರೀ ಅಲ್ವಾ. ಚಿಲ್ಲರೆ ಇಲ್ಲ ಅಂದವರಿಗೆ ಟಿಕೆಟ್ ಹಿಂದೆ ಬರೆದುಕೊಡುತ್ತಾನೆ, ಇಳಿಯುವಾಗ ನೆನಪಿಟ್ಟು ವಾಪಸ್ ಕೊಡುತ್ತಾನೆ. ಲೆಕ್ಕದ ಪುಸ್ತಕದ ಮುಂದೆ ಐದು ನಿಮಿಷ ಕೂರದ ಹುಡುಗ ಇವನು.

ಹೀಗೆ ಯಾಕೆ ಆಗುತ್ತದೆ ಅನ್ನುವುದು ಬಿಗಿ ಅಪ್ಪ ಅಮ್ಮಂದಿರಿಗೆ ಗೊತ್ತಿರಲೇಬೇಕು. ಸೋವಿಯತ್ ಸಂಶೋಧಕರಾದ ಮನುಯಿಲೆಂಕೊ 1948ರಲ್ಲಿ ಒಂದು ಪ್ರಯೋಗದ ವಿವರ ಪ್ರಕಟಿಸಿದರು. ಚಿಕ್ಕ ಮಕ್ಕಳಿಗೆ ಸುಮ್ಮನೆ ಅಲುಗಾಡದೆ ನಿಲ್ಲು ಅಂದರೆ ನಿಲ್ಲುತ್ತಿದ್ದದ್ದು ಸ್ವಲ್ಪ ಹೊತ್ತು. ನೀನು ಕಾವಲುಗಾರ, ಕಾವಲು ಕಾಯ್ತಾ ಇದೀಯ ಅಂತ ಆಟ ಮಾಡಿದರೆ ಅದೇ ಮಕ್ಕಳು ಅದಕ್ಕಿಂತ ಎಷ್ಟೋ ಜಾಸ್ತಿ ಹೊತ್ತು ನಿಂತರು. ಅದಕ್ಕೂ ಮುಂಚೆ ಅಲ್ಲಿನ ಮನಶ್ಶಾಸ್ತ್ರಜ್ಞ ವೈಗೋಟ್ಸ್ಕಿ ಇದನ್ನೇ ಹೇಳಿದ್ದರು, ಕಲ್ಪನೆಯ ಆಟದಲ್ಲಿ ಮಗು ತನ್ನ ವಯಸ್ಸಿಗೆ ಮೀರಿ ನಡೆದುಕೊಳ್ಳುತ್ತದೆ ಅಂತ. ಕಂಡಕ್ಟರ್ ಆದವನು ಕಂಡಕ್ಟರ್ ಥರಾನೇ ಇರಬೇಕು, ಮಧ್ಯದಲ್ಲಿ ಎದ್ದು ಓಡುವಂತಿಲ್ಲ. ನೀವು ಕೂಗಿ ಕೂಗಿ ಕಲಿಸಲು ಹೊರಟ ತಾಳ್ಮೆ, ಹಿಡಿತ ಎಲ್ಲವನ್ನೂ ಮಗು ಈ ಆಟದಲ್ಲಿ ತಾನೇ ಅಭ್ಯಾಸ ಮಾಡಿಕೊಳ್ಳುತ್ತಿರುತ್ತದೆ.

ಹಂತ 5: ಆಡುವಾಗ ಬಾಯಿ ಕಟ್ಟಿಕೊಳ್ಳಿ

ಇದು ಎಲ್ಲಕ್ಕಿಂತ ಕಷ್ಟದ ಹಂತ. ಮಗು ಚಿತ್ರ ತಂದು ತೋರಿಸಿದಾಗ "ಇದೇನು?" ಅನ್ನಬೇಡಿ. ಇಷ್ಟು ಬರೆದರೂ ಗೊತ್ತಾಗಲಿಲ್ಲವಲ್ಲ ಅಂತ ಅದಕ್ಕೆ ಅನಿಸುತ್ತದೆ. "ಇದರ ಕಥೆ ಹೇಳ್ತೀಯಾ?" ಅನ್ನಿ, ಕೇಳಿಸಿಕೊಳ್ಳಿ. "ಸೂಪರ್, ವೆರಿಗುಡ್" ಅಂತ ನೋಡದೇ ಹೇಳುವುದೂ ಬೇಡ. ಕಣ್ಣಿಗೆ ಕಂಡದ್ದನ್ನು ಹೇಳಿ ಸಾಕು: "ಈ ಮೂಲೇಲಿ ತುಂಬಾ ಕಪ್ಪು ಹಾಕಿದೀಯಲ್ಲ." ಅದಕ್ಕೇ ಎಷ್ಟು ಮಾತು ಬರುತ್ತದೆ ನೋಡಿ. ತಿದ್ದಬೇಡಿ. ಹಾಳೆಯ ಮೇಲೆ ನಿಮ್ಮ ಕೈ ಓಡಲೇಬಾರದು.

ಮಗುವಿನ ಆಟವನ್ನು ಕದ್ದು ವಿಡಿಯೋ ಮಾಡಿ ವಾಟ್ಸಾಪ್ ಸ್ಟೇಟಸ್‌ಗೆ ಹಾಕುವುದನ್ನು ನಿಲ್ಲಿಸಿ. ನೆಂಟರು ಬಂದಾಗ "ಆ ಕಥೆ ಹೇಳು, ಅದನ್ನ ಮಾಡಿ ತೋರ್ಸು" ಅಂತ ನಿಲ್ಲಿಸಬೇಡಿ. ತನಗೋಸ್ಕರ ಆಡುತ್ತಿದ್ದ ಮಗು ನೋಡುವವರಿಗೋಸ್ಕರ ಆಡಲು ಶುರು ಮಾಡಿದರೆ ಆ ಆಟ ಬೇಗ ಬತ್ತುತ್ತದೆ.

ಹಂತ 6: ಸುಳ್ಳು ಯಾವುದು, ಕಲ್ಪನೆ ಯಾವುದು

ನಾಲ್ಕೈದು ವರ್ಷದ ಮಗು "ನಿನ್ನೆ ರಾತ್ರಿ ಕಿಟಕಿ ಹತ್ರ ಆನೆ ಬಂದಿತ್ತು" ಅಂದರೆ ಅದು ಸುಳ್ಳಲ್ಲ. ಯಾರಿಗೂ ಕಾಣದ ಗೆಳೆಯನೊಬ್ಬನ ಜೊತೆ ಮಾತಾಡುವುದು, ಅವನಿಗೂ ಒಂದು ತಟ್ಟೆ ಹಾಕು ಅನ್ನುವುದು, ಇದೂ ಈ ವಯಸ್ಸಿನಲ್ಲಿ ಸಹಜ. ಹೊಡೆದು ಬಿಡಿಸುವಂಥ ಚಟವೂ ಅಲ್ಲ, ಮಂತ್ರ ಹಾಕಿಸುವಂಥ ದೋಷವೂ ಅಲ್ಲ. ಆನೆ ಏನು ತಿಂತು ಅಂತ ಕೇಳಿ.

ಲೋಟ ಒಡೆದು "ನಾನಲ್ಲ" ಅಂದರೆ ಅದು ಬೇರೆ ಮಾತು. ಅಲ್ಲಿ ಮಗು ಹೆದರಿದೆ. ನಿಜ ಹೇಳಿದ ದಿನ ಬೈಗುಳ ಜಾಸ್ತಿ ಬಿದ್ದರೆ ಮುಂದಿನ ಸಲ ಇನ್ನೂ ಚೆನ್ನಾಗಿ ಮುಚ್ಚಿಡುತ್ತದೆ. ಚೂರು ಗುಡಿಸುವುದಕ್ಕೆ ಜೊತೆಗೆ ಕರೆಯಿರಿ, ಅಷ್ಟಕ್ಕೇ ಮುಗಿಸಿ.

ಹಂತ 7: ಮನೆಯಿಂದ ಹೊರಗೆ, ಸ್ವಲ್ಪ ಸ್ವಲ್ಪವಾಗಿ

ಐದರಿಂದ ಹದಿನೇಳು ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವಂಥ ಚಟುವಟಿಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಲಗೋರಿ, ಕುಂಟೆಬಿಲ್ಲೆ, ಬುಗುರಿ, ಸೈಕಲ್, ಯಾವುದಾದರೂ ಆಗಬಹುದು. ಆದರೆ ಕೋಚ್ ಪಕ್ಕದಲ್ಲಿ ನಿಂತು ವಿಸಿಲ್ ಊದುವ ಆಟ ಬೇರೆ, ಔಟೋ ಅಲ್ಲವೋ ಅಂತ ತಾವೇ ಜಗಳ ಆಡಿ ತಾವೇ ತೀರ್ಮಾನ ಮಾಡಿಕೊಳ್ಳುವ ಆಟ ಬೇರೆ. ನನ್ನ ಮತ ಎರಡನೆಯದಕ್ಕೆ. ಜಗಳ ಕೇಳಿಸಿದ ತಕ್ಷಣ ಗೇಟಿಗೆ ಓಡಬೇಡಿ. ಪೆಟ್ಟಾದರೆ, ಅಥವಾ ಒಬ್ಬನ ಮೇಲೆ ಎಲ್ಲರೂ ಬಿದ್ದರೆ ಮಾತ್ರ ಹೋಗಿ.

ಒಂಟಿಯಾಗಿ ಹೋಗುವುದನ್ನು ಅಂಗಡಿಯಿಂದ ಶುರು ಮಾಡಿ. ಮೊದಲು ಜೊತೆಗೆ ಹೋಗಿ, ದುಡ್ಡು ಮಗುವಿನ ಕೈಯಲ್ಲಿ, ಮಾತೂ ಮಗುವಿನದೇ. ಆಮೇಲೆ ಮಗು ಮುಂದೆ, ನೀವು ಸ್ವಲ್ಪ ಹಿಂದೆ. ಆಮೇಲೆ ನೀವು ಗೇಟಿನಲ್ಲೇ ನಿಂತು ನೋಡಿ. ರಸ್ತೆ ದಾಟಬೇಕಾದ ಅಂಗಡಿ ಬೇಡ, ಅದೇ ಸಾಲಿನ ಅಂಗಡಿ ಇರಲಿ. ಅಂಗಡಿಯವರಿಗೆ ಮೊದಲೇ ಒಂದು ಮಾತು ಹೇಳಿಡಿ. ಎಂಟೊಂಬತ್ತು ವರ್ಷಕ್ಕೆ ಇಷ್ಟು ಎಷ್ಟೋ ಮಕ್ಕಳಿಗೆ ಬರುತ್ತದೆ, ಆದರೆ ನಿಮ್ಮ ರಸ್ತೆ ಹೇಗಿದೆ, ನಿಮ್ಮ ಮಗು ಹೇಗಿದೆ ಅಂತ ನಿಮಗೇ ಗೊತ್ತು. ಮೈ ಮುಟ್ಟುವ ವಿಷಯ, ಯಾರಾದರೂ "ಅಮ್ಮಂಗೆ ಹೇಳ್ಬೇಡ" ಅಂದರೆ ಮೊದಲು ಅಮ್ಮನಿಗೇ ಹೇಳಬೇಕು ಅನ್ನುವುದು, ಇದನ್ನೆಲ್ಲ ಹೊರಗೆ ಬಿಡುವ ಮುಂಚೆಯೇ ಮಾತಾಡಿರಬೇಕು.

ಮಂಡ್ಯ, ಪಾಂಡವಪುರ, ಶ್ರೀರಂಗಪಟ್ಟಣದ ಕಡೆಯವರಿಗೆ: ನಾಲೆ ಮತ್ತು ಹೊಳೆ ವಿಷಯದಲ್ಲಿ ರಾಜಿ ಬೇಡವೇ ಬೇಡ. ವಿಶ್ವೇಶ್ವರಯ್ಯ ನಾಲೆಯ ನೀರು ನೋಡಲು ಶಾಂತ, ಸೆಳೆತ ಜೋರು, ಏರಿ ಜಾರುತ್ತದೆ. ದೊಡ್ಡವರಿಲ್ಲದೆ ಅತ್ತ ಹೋಗುವಂತಿಲ್ಲ ಅನ್ನುವುದು ಮೊದಲ ಪಾಲಿನ ನಿಯಮ, ಈಜು ಬಂದರೂ ಅಷ್ಟೇ.

ಜೊತೆಗೆ ಹೋಗುವ ಜಾಗಗಳಲ್ಲೂ ಗೈಡ್ ಥರ ವಿವರಿಸುತ್ತಾ ಹೋಗಬೇಡಿ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಮಗು ಎಲ್ಲಿ ನಿಲ್ಲುತ್ತದೋ ಅಲ್ಲಿ ನಿಲ್ಲಿ, ಒಂದು ಸುತ್ತು ಮುಗಿಯದೇ ಹೋದರೂ ಪರವಾಗಿಲ್ಲ. ಕಾರಂಜಿ ಕೆರೆ ಪಕ್ಕದ ಪ್ರಾಕೃತಿಕ ಇತಿಹಾಸ ವಸ್ತುಸಂಗ್ರಹಾಲಯ, ರೈಲ್ವೆ ಮ್ಯೂಸಿಯಂನ ಹಳೇ ಇಂಜಿನ್ನುಗಳು, ಎಲ್ಲಿ ಹೋದರೂ ದಾರಿ ಮಗು ತೋರಿಸಲಿ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಬೇಸಿಗೆ ಶುರುವಾಗುವ ಹೊತ್ತಿಗೆ ಹೋದರೆ ಮನೆ ಮುಂದಿನ ಹುಣಸೆ ಮರದಲ್ಲೇ ಹೆಜ್ಜಾರ್ಲೆ ಗೂಡು ಕಾಣುತ್ತದೆ. ಊರಿನವರು ಆ ಹಕ್ಕಿಗಳನ್ನು ಬಾಣಂತನಕ್ಕೆ ತವರಿಗೆ ಬಂದ ಮಗಳು ಅನ್ನುತ್ತಾರೆ. ಅದನ್ನು ಮಗುವಿಗೆ ಹೇಳಿ ಸುಮ್ಮನಾಗಿ, ಮಿಕ್ಕಿದ್ದನ್ನು ಅದೇ ಕಟ್ಟಿಕೊಳ್ಳುತ್ತದೆ. ವಾಪಸ್ ಬಂದ ಮೇಲೆ "ಪ್ರವಾಸದ ಬಗ್ಗೆ ಹತ್ತು ಸಾಲು ಬರಿ" ಅನ್ನಬೇಡಿ.

ಹಂತ 8: ಬೊಂಬೆ, ಕಥೆ, ನಾಟಕ

ನಮ್ಮೂರಿನಲ್ಲಿ ದಸರಾ ಬೊಂಬೆ ಕೂರಿಸುವ ಪದ್ಧತಿಯೇ ಮಕ್ಕಳ ಕಲ್ಪನೆಗೆ ಹೇಳಿ ಮಾಡಿಸಿದ್ದು. ಪಟ್ಟದ ಬೊಂಬೆ, ಮೇಲಿನ ಸಾಲು ದೊಡ್ಡವರು ಶಾಸ್ತ್ರಕ್ಕೆ ಸರಿಯಾಗಿ ಇಡಿ. ಕೆಳಗಿನ ಒಂದು ಮೆಟ್ಟಿಲು ಪೂರ್ತಿ ಮಗುವಿಗೆ ಬಿಡಿ. ಸೆಟ್ಟಿ ಬೊಂಬೆಯ ಅಂಗಡಿಗೆ ಡೈನೋಸಾರ್ ಬಂದು ಅಕ್ಕಿ ಕೊಂಡರೆ ಬರಲಿ. ಬಂದವರಿಗೆ ಆ ಮೆಟ್ಟಿಲಿನ ಕಥೆಯನ್ನು ಮಗುವಿಗೆ ಮನಸ್ಸಿದ್ದರೆ ಅದೇ ಹೇಳಲಿ, ಇಲ್ಲದಿದ್ದರೆ ಬೇಡ.

ರಾತ್ರಿ ಅಜ್ಜಿ ತಾತನ ಹತ್ತಿರ ಕಥೆ ಕೇಳಿಸಿ. ಓದಿ ಹೇಳುವುದಕ್ಕಿಂತ ಬಾಯಲ್ಲಿ ಹೇಳುವ ಕಥೆ ಇಲ್ಲಿ ಚೆನ್ನ, ಮಧ್ಯದಲ್ಲಿ ನಿಲ್ಲಿಸಿ "ಆಮೇಲೆ ಏನಾಯ್ತು, ನೀನೇ ಹೇಳು" ಅನ್ನಬಹುದು. ನೀತಿ ಹೇಳಿ ಮುಗಿಸಬೇಡಿ. ಬಿ. ವಿ. ಕಾರಂತರು 1989ರಲ್ಲಿ ಕಟ್ಟಿ ಬೆಳೆಸಿದ ರಂಗಾಯಣದಲ್ಲಿ ಬೇಸಿಗೆ ರಜೆಗೆ ಚಿನ್ನರ ಮೇಳ ನಡೆಯುತ್ತದೆ. ಸಿಕ್ಕರೆ ಸೇರಿಸಿ, ಆದರೆ ಮಗುವನ್ನು ಕೇಳಿ ಸೇರಿಸಿ.

ಹಂತ 9: ಓದು

ಓದನ್ನು ಬಿಡಿ ಅಂತ ಯಾರೂ ಹೇಳುತ್ತಿಲ್ಲ. ಹೋಂವರ್ಕ್ ಮಾಡಲೇಬೇಕು. ಯಾವಾಗ, ಎಲ್ಲಿ ಕೂತು, ಯಾವುದು ಮೊದಲು ಅನ್ನುವುದು ಮಗುವಿಗೆ ಬಿಟ್ಟದ್ದು. ಮರೆತು ಹೋದರೆ ಮರುದಿನ ಟೀಚರ್ ಕೇಳುವುದಕ್ಕೆ ಮಗುವೇ ಉತ್ತರ ಕೊಡಲಿ, ನೀವು ಡೈರಿಯಲ್ಲಿ ಸಮಜಾಯಿಷಿ ಬರೆದು ಕಳಿಸಬೇಡಿ. ಮೂರರಿಂದ ಎಂಟು ವರ್ಷದ ತನಕ ಕಲಿಕೆ ಆಟದ ಮೂಲಕವೇ ಆಗಬೇಕು ಅಂತ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಹೇಳುತ್ತದೆ. ಯುಕೆಜಿ ಮಗುವಿಗೆ ಟ್ಯೂಷನ್ ಹುಡುಕುವವರು ಇದನ್ನು ಒಂದು ಸಲ ಯೋಚಿಸಿ.

ಹಂತ 10: ಮನೆಯ ದೊಡ್ಡವರನ್ನು ಒಪ್ಪಿಸುವುದು

ನೀವು ಬದಲಾದರೂ ಮಾವನವರು "ನಮ್ ಕಾಲದಲ್ಲಿ ಬೆತ್ತ ಮುರಿಯೋವರ್ಗೂ ಹೊಡೀತಿದ್ರು, ನಾವೇನು ಹಾಳಾಗೋದ್ವಾ?" ಅನ್ನುತ್ತಾರೆ. ಮಗುವಿನ ಎದುರು ವಾದ ಮಾಡಬೇಡಿ. ಮಗು ಮಲಗಿದ ಮೇಲೆ, "ಮಾವ, ನೀವು ಚಿಕ್ಕವರಿದ್ದಾಗ ರಜೆಯಲ್ಲಿ ಇಡೀ ದಿನ ಏನ್ ಮಾಡ್ತಿದ್ರಿ?" ಅಂತ ಕೇಳಿ. ಮಾವಿನ ತೋಪು, ಆಲೆಮನೆಯ ಬಿಸಿ ಬೆಲ್ಲ, ಎತ್ತಿನ ಗಾಡಿ ಹಿಂದೆ ಜೋತುಬಿದ್ದದ್ದು ಎಲ್ಲ ಹೊರಗೆ ಬರುತ್ತದೆ. ಶಿಕ್ಷೆ ಜೋರಾಗಿತ್ತು ನಿಜ, ಆದರೆ ಮನೆಯಿಂದ ಹೊರಗೆ ಬಿದ್ದ ಮೇಲೆ ಅವರನ್ನು ಕೇಳುವವರು ಇರಲಿಲ್ಲ. ನಮ್ಮ ಮಕ್ಕಳಿಗೆ ಬಿಗಿ ಉಳಿದಿದೆ, ಆ ಬಯಲು ಉಳಿದಿಲ್ಲ. ಇದನ್ನು ಅವರಿಗೆ ಮೆತ್ತಗೆ ಹೇಳಿ.

ಹೊಡೆಯುವುದರ ಬಗ್ಗೆ ನನಗೆ ಎರಡು ಮಾತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಶಾಲೆಯಲ್ಲಿ ಮಗುವಿಗೆ ಹೊಡೆಯುವುದನ್ನೂ ಮನಸ್ಸಿಗೆ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ. ಟೀಚರ್ ಮಾಡಬಾರದ್ದನ್ನು ನಾವು ಮನೆಯಲ್ಲಿ ಮಾಡುವುದು ಯಾವ ನ್ಯಾಯ?

ಹಂತ 11: ಬಿಗಿ ಅತಿಯಾಗಿದೆ ಅಂತ ಗೊತ್ತಾಗುವುದು ಹೇಗೆ

ಚಿಕ್ಕ ಚಿಕ್ಕ ವಿಷಯಕ್ಕೂ ಅನುಮತಿ ಕೇಳುವುದು, ನಿಮ್ಮ ಸ್ಕೂಟರ್ ಸದ್ದು ಕೇಳಿದ ತಕ್ಷಣ ಆಟ ನಿಲ್ಲಿಸಿ ಪುಸ್ತಕ ಹಿಡಿಯುವುದು, ಪದೇ ಪದೇ ಮುಚ್ಚಿಡುವುದು, ಉಗುರು ಕಚ್ಚುವುದು, ಪರೀಕ್ಷೆ ಹತ್ತಿರ ಬಂದರೆ ಹೊಟ್ಟೆನೋವು. ಇವಕ್ಕೆ ಬೇರೆ ಕಾರಣವೂ ಇರಬಹುದು, ಹೊಟ್ಟೆನೋವು ಅಂದರೆ ಮೊದಲು ಡಾಕ್ಟರಿಗೆ ತೋರಿಸಿ. ಆದರೆ ಎರಡು ಮೂರು ಒಟ್ಟಿಗೆ ಕಂಡರೆ ಒಂದನೇ ಹಂತಕ್ಕೆ ವಾಪಸ್ ಹೋಗಿ, ಚೀಟಿ ಇಟ್ಟುಕೊಂಡು ಮತ್ತೆ ಗೆರೆ ಹಾಕಿ.

ಮಗು ಊಟ ನಿದ್ದೆ ಬಿಟ್ಟು ಮಂಕಾಗಿದ್ದರೆ, ಗೆಳೆಯರನ್ನೂ ಬೇಡ ಅನ್ನುತ್ತಿದ್ದರೆ, ಸಾಯುವ ಮಾತಾಡಿದರೆ ಅದನ್ನು ನಾಟಕ ಅಂತ ತಳ್ಳಿಹಾಕಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳ ಸಹಾಯವಾಣಿ 1098 ಹಗಲೂ ರಾತ್ರಿ ಇರುತ್ತದೆ. ಆ ನಂಬರನ್ನು ಮಗುವಿಗೂ ಬಾಯಿಪಾಠ ಮಾಡಿಸಿ, ನಿಮ್ಮ ಮೇಲೆಯೇ ದೂರು ಹೇಳುವುದಿದ್ದರೂ ಅದಕ್ಕೆ ಫೋನ್ ಮಾಡಬಹುದು ಅಂತ ಹೇಳಿಕೊಡಿ.